ಜಾಯಿಂಟರ್ (ಮರಗೆಲಸದ ಯಂತ್ರ)

ಜಾಯಿಂಟರ್ ಎಂಬುದು ಮರದ ಹಲಗೆಯ ಒಂದು ಮುಖವನ್ನು ಸಮತಟ್ಟಾಗಿಸಿ, ಆ ಮುಖಕ್ಕೆ 90 ಡಿಗ್ರಿ ಕೋನದಲ್ಲಿ ಒಂದು ಅಂಚನ್ನು ನೇರಗೊಳಿಸುವ ವಿದ್ಯುಚ್ಚಾಲಿತ ಯಂತ್ರವಾಗಿದೆ. ಹಲಗೆಗಳನ್ನು ಅಂಚಿಗೆ ಅಂಚು ತಾಗಿಸಿ ಅಂಟಿನಿಂದ ಜೋಡಿಸುವಾಗ ನಡುವೆ ಸಂದು ಉಳಿಯದಂತೆ ಅವುಗಳನ್ನು ಸಿದ್ಧಗೊಳಿಸುವುದು ಇದರ ಮುಖ್ಯ ಉಪಯೋಗ. ಜೋಡಣೆಗೆ ಸಂಬಂಧಿಸಿದ ಈ ಕೆಲಸದಿಂದಲೇ ಯಂತ್ರಕ್ಕೆ ಈ ಹೆಸರು ಬಂದಿದೆ. ಕೈಯಿಂದ ಮಾಡುವ ಕೆಲಸದಲ್ಲಿ ಇದೇ ಕಾರ್ಯವನ್ನು ಉದ್ದನೆಯ ಉಜ್ಜುಗೊರಡು ನಿರ್ವಹಿಸುತ್ತದೆ. ಇದಕ್ಕೆ ಕೀಸುಳಿ, ತೋಪಡಾ ಎಂಬ ಹೆಸರುಗಳೂ ಕನ್ನಡದಲ್ಲಿ ಬಳಕೆಯಲ್ಲಿವೆ.

ಮನೆಯ ಜಗಲಿ, ಕೊಟ್ಟಿಗೆ ಅಥವಾ ಶೀಟಿನ ಮಾಡಿನಡಿಯ ಚಿಕ್ಕ ಕಾರ್ಯಾಗಾರಕ್ಕೆ ಹೊಂದುವ ಜಾಯಿಂಟರ್‌ಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಕೆಲಸದ ಮೇಜಿನ ಮೇಲೆ ಇಟ್ಟು ಬಳಸುವ ಹಗುರ ಯಂತ್ರ. ಎರಡನೆಯದು ಸ್ವಂತ ಕಾಲುಗಳ ಮೇಲೆ ನಿಲ್ಲುವ, ಎರಕದ ಕಬ್ಬಿಣದ ಮೇಜುಳ್ಳ 6 ಇಂಚಿನ ಯಂತ್ರ. ಇವುಗಳನ್ನು ಕೊಳ್ಳುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಮೋಟಾರಿನ ಸಾಮರ್ಥ್ಯವನ್ನು. ಆದರೆ ಯಂತ್ರದ ಉಪಯುಕ್ತತೆಯನ್ನು ಹೆಚ್ಚಾಗಿ ನಿರ್ಧರಿಸುವುದು ಅದರ ಮೇಜುಗಳ ಉದ್ದ ಮತ್ತು ಆ ಎರಡು ಮೇಜುಗಳು ಪರಸ್ಪರ ಸಮಾನಾಂತರವಾಗಿ ನಿಲ್ಲುವ ನಿಖರತೆ. ಶಕ್ತಿ ಕಡಿಮೆಯಾದ ಯಂತ್ರದಲ್ಲಿ ಕೆಲಸ ನಿಧಾನವಾಗುತ್ತದೆ, ಅಷ್ಟೆ. ಮೇಜು ತಪ್ಪಿದ ಯಂತ್ರದಲ್ಲಿ ಕೆಲಸವೇ ಆಗುವುದಿಲ್ಲ.

ಹೆಸರುಗಳು ಮತ್ತು ಗೊಂದಲ

ಅಮೆರಿಕದಲ್ಲಿ ಜಾಯಿಂಟರ್ ಎಂದು ಕರೆಯಲಾಗುವ ಯಂತ್ರಕ್ಕೆ ಬ್ರಿಟನ್ನಿನಲ್ಲಿ ಸರ್ಫೇಸ್ ಪ್ಲೇನರ್ ಎಂಬ ಹೆಸರಿದೆ. ಭಾರತದ ಮಾರುಕಟ್ಟೆಯಲ್ಲಿ ಬ್ರಿಟಿಷ್ ಹೆಸರೇ ಹೆಚ್ಚು ಪ್ರಚಲಿತ. ಹಿಂದಿಯಿಂದ ಬಂದ ರಂದಾ ಮೆಷಿನ್ ಎಂಬ ಮಾತೂ ಅಂಗಡಿಗಳಲ್ಲಿ ಕೇಳಿಬರುತ್ತದೆ. ಅಮೆರಿಕನ್ ಬಳಕೆಯಲ್ಲಿ ಬರಿಯ ಪ್ಲೇನರ್ ಎಂದರೆ ಬೇರೆಯೇ ಯಂತ್ರ, ಅಂದರೆ ಹಲಗೆಯ ದಪ್ಪವನ್ನು ಸಮಗೊಳಿಸುವ ಥಿಕ್ನೆಸ್ ಪ್ಲೇನರ್. ಭಾರತದ ಅಂಗಡಿಗಳಲ್ಲಿ ಅದೇ ಪದವು ಕೈಯಲ್ಲಿ ಹಿಡಿದು ಬಳಸುವ 82 ಮಿ.ಮೀ. ಅಗಲದ ವಿದ್ಯುತ್ ತೋಪಡಾಕ್ಕೂ ಸಲ್ಲುತ್ತದೆ. ಹೀಗಾಗಿ ಹೆಸರನ್ನಷ್ಟೇ ನಂಬಿ ಬೇಡಿಕೆ ಸಲ್ಲಿಸಿದವರಿಗೆ ಬೇಡದ ಯಂತ್ರ ಬರುವ ಸಾಧ್ಯತೆಯಿದೆ. ಅಲಗಿನ ಎರಡೂ ಬದಿಗೆ ಮೇಜು ಮತ್ತು ಮೇಲೆ ಲಂಬವಾಗಿ ನಿಂತ ಒಂದು ಪಟ್ಟಿ ಇದ್ದರೆ ಅದು ಜಾಯಿಂಟರ್.

ಜಾಯಿಂಟರ್ ಮತ್ತು ಥಿಕ್ನೆಸ್ ಪ್ಲೇನರ್ ಒಂದಕ್ಕೊಂದು ಬದಲಿಯಲ್ಲ. ಥಿಕ್ನೆಸ್ ಪ್ಲೇನರ್ ಕೆಳಗಿನ ಮುಖವನ್ನು ಆಧಾರವಾಗಿಟ್ಟುಕೊಂಡು ಮೇಲಿನ ಮುಖವನ್ನು ಕೆತ್ತುತ್ತದೆ. ಕೆಳಮುಖ ಬಾಗಿದ್ದರೆ ಉರುಳೆಗಳ ಒತ್ತಡಕ್ಕೆ ಹಲಗೆ ತಾತ್ಕಾಲಿಕವಾಗಿ ನೇರವಾಗಿ, ಹೊರಬಂದೊಡನೆ ಮತ್ತೆ ಬಾಗುತ್ತದೆ. ದಪ್ಪ ಎಲ್ಲೆಡೆ ಸಮ, ಆದರೆ ಹಲಗೆ ಮೊದಲಿನಂತೆಯೇ ಡೊಂಕು. ಜಾಯಿಂಟರ್ ಇದಕ್ಕೆ ತದ್ವಿರುದ್ಧ. ಅದು ಒಂದು ಮುಖವನ್ನು ನೇರಗೊಳಿಸಬಲ್ಲದು, ಆದರೆ ಎದುರಿನ ಮುಖವನ್ನು ಅದಕ್ಕೆ ಸಮಾನಾಂತರಗೊಳಿಸಲಾರದು. ಆದ್ದರಿಂದ ಕೆಲಸದ ಕ್ರಮವು ಮೊದಲು ಜಾಯಿಂಟರ್‌ನಲ್ಲಿ ಒಂದು ಮುಖ, ಅನಂತರ ಅಲ್ಲಿಯೇ ಒಂದು ಅಂಚು, ಬಳಿಕ ಥಿಕ್ನೆಸ್ ಪ್ಲೇನರ್‌ನಲ್ಲಿ ಎರಡನೆಯ ಮುಖ, ಕೊನೆಗೆ ಗರಗಸದಲ್ಲಿ ಎರಡನೆಯ ಅಂಚು ಎಂದಿರುತ್ತದೆ.

ರಚನೆ ಮತ್ತು ಕಾರ್ಯವಿಧಾನ

ಯಂತ್ರದ ನಡುವೆ ಕಟ್ಟರ್ ಬ್ಲಾಕ್ ಎಂಬ ಉಕ್ಕಿನ ಉರುಳೆ ತಿರುಗುತ್ತದೆ. ಅದರಲ್ಲಿ ಎರಡು ಅಥವಾ ಮೂರು ಅಲಗುಗಳನ್ನು ಕೂರಿಸಲಾಗಿರುತ್ತದೆ. ಹಲಗೆಯನ್ನು ಮೊದಲು ಇಡುವ ಮುಂಬದಿಯ ಮೇಜು ಅಲಗಿನ ತುದಿಗಿಂತ ಕೊಂಚ ಕೆಳಗಿರುತ್ತದೆ. ಈ ಎತ್ತರದ ವ್ಯತ್ಯಾಸವೇ ಒಂದು ಸಲಕ್ಕೆ ಕೆತ್ತುವ ಮರದ ದಪ್ಪ. ಕೆತ್ತಿದ ಭಾಗವನ್ನು ಹೊರುವ ಹಿಂಬದಿಯ ಮೇಜು ಅಲಗಿನ ತುದಿಯು ತಿರುಗುವಾಗ ಮುಟ್ಟುವ ಅತ್ಯುನ್ನತ ಬಿಂದುವಿನ ಮಟ್ಟಕ್ಕೆ ಸರಿಯಾಗಿರಬೇಕು. ಹಿಂಬದಿಯ ಮೇಜು ತಗ್ಗಿದ್ದರೆ ಹಲಗೆಯ ಕೊನೆಯ ತುದಿಯಲ್ಲಿ ಹಳ್ಳ ಬೀಳುತ್ತದೆ. ಎತ್ತರವಾಗಿದ್ದರೆ ಹಲಗೆಯು ಮೇಜಿನ ಅಂಚಿಗೆ ಬಡಿದು ನಿಲ್ಲುತ್ತದೆ, ಇಲ್ಲವೇ ಒಂದು ಕಡೆಗೆ ತೆಳುವಾಗುತ್ತಾ ಹೋಗುತ್ತದೆ. ಮೇಜುಗಳ ಮೇಲೆ ಉದ್ದಕ್ಕೂ ನಿಂತಿರುವ ಫೆನ್ಸ್ ಎಂಬ ಪಟ್ಟಿಯು ಅಂಚು ಕೆತ್ತುವಾಗ ಹಲಗೆಯನ್ನು ಲಂಬವಾಗಿ ಹಿಡಿದಿಡುತ್ತದೆ.

ಮುಖವನ್ನು ಕೆತ್ತುವಾಗ ಹಲಗೆಯ ತಗ್ಗಿದ ಬದಿ ಕೆಳಗಿರಬೇಕು. ಆಗ ಅದು ಎರಡು ತುದಿಗಳ ಮೇಲೆ ನಿಂತು ಅಲುಗಾಡದೆ ಸಾಗುತ್ತದೆ. ಉಬ್ಬಿದ ಬದಿ ಕೆಳಗಾದರೆ ತೊಟ್ಟಿಲಿನಂತೆ ತೂಗುತ್ತದೆ. ಹಲಗೆಯ ಮುಂಭಾಗ ಅಲಗನ್ನು ದಾಟಿದ ಮೇಲೆ ಕೈಯ ಒತ್ತಡವು ಹಿಂಬದಿಯ ಮೇಜಿನ ಮೇಲಕ್ಕೆ ಬರಬೇಕು. ಏಕೆಂದರೆ ಆಗ ತಾನೇ ನೇರಗೊಂಡ ಭಾಗವೇ ಮುಂದಿನ ಕೆತ್ತನೆಗೆ ಆಧಾರ.

ಇತಿಹಾಸ

ಮರವನ್ನು ಕೀಸುವ ಯಂತ್ರದ ಕಲ್ಪನೆಗೆ 1791 ಮತ್ತು 1793ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಬೆಂತಮ್ ಪೇಟೆಂಟ್‌ಗಳನ್ನು ಪಡೆದನು. 1828ರಲ್ಲಿ ಅಮೆರಿಕದ ವಿಲಿಯಂ ವುಡ್‌ವರ್ತ್ ತನ್ನ ಪ್ಲೇನಿಂಗ್ ಯಂತ್ರಕ್ಕೆ ಪೇಟೆಂಟ್ ಪಡೆದನು. ಹಳೆಯ ಯಂತ್ರಗಳ ಕಟ್ಟರ್ ಬ್ಲಾಕ್ ಚೌಕಾಕಾರದ್ದಾಗಿತ್ತು. ಅದು ತಿರುಗುವಾಗ ಮೇಜಿನ ಅಂಚಿಗೂ ಬ್ಲಾಕಿಗೂ ನಡುವೆ ದೊಡ್ಡ ಕಂದಕ ಉಂಟಾಗುತ್ತಿದ್ದು, ಜಾರಿದ ಕೈ ಪೂರ್ತಿಯಾಗಿ ಒಳಗೆ ಸೆಳೆಯಲ್ಪಡುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಳಕೆಗೆ ಬಂದ ದುಂಡನೆಯ ಬ್ಲಾಕು ಈ ಕಂದಕವನ್ನು ಬಹುಪಾಲು ಮುಚ್ಚಿತು. ಹಳೆಯ ಯಂತ್ರವನ್ನು ಕೊಳ್ಳುವವರು ಮೊದಲು ನೋಡಬೇಕಾದುದು ಇದನ್ನೇ. ಚೌಕ ಬ್ಲಾಕಿನ ಯಂತ್ರವು ಎಷ್ಟು ಅಗ್ಗವಾಗಿ ದೊರೆತರೂ ಮನೆಗೆ ತರತಕ್ಕದ್ದಲ್ಲ.

ಯಂತ್ರಗಳಿಲ್ಲದ ಕಾಲದಲ್ಲಿಯೂ ತುಳುನಾಡಿನಲ್ಲಿ ಮರಗೆಲಸ ಉನ್ನತ ಮಟ್ಟದಲ್ಲಿತ್ತು. 1430ರಲ್ಲಿ ನಿರ್ಮಾಣಗೊಂಡ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮೇಲಂತಸ್ತುಗಳು ಮರದವು. ಅದೇ ಊರಿನ ಚೌಟರ ಅರಮನೆಯ ಮರದ ಕಂಬಗಳಲ್ಲಿ ನವನಾರೀಕುಂಜರ ಮತ್ತು ಪಂಚನಾರೀತುರಗದ ಕೆತ್ತನೆಗಳಿವೆ. ಇವೆಲ್ಲವೂ ಉಳಿ, ಬಾಚಿ ಮತ್ತು ಕೀಸುಳಿಗಳ ಕೆಲಸ.

ಮೇಜಿನ ಉದ್ದ

ಯಂತ್ರದ ಆಯ್ಕೆಯಲ್ಲಿ ಅತ್ಯಂತ ಹೆಚ್ಚು ಗಮನ ಬೇಡುವ ಅಂಶವಿದು. ರೂಢಿಯಲ್ಲಿರುವ ಅಂದಾಜಿನಂತೆ, ಎರಡೂ ಮೇಜುಗಳ ಒಟ್ಟು ಉದ್ದದ ಎರಡು ಪಟ್ಟಿಗಿಂತ ಉದ್ದವಾದ ಹಲಗೆಯನ್ನು ಆ ಯಂತ್ರದಲ್ಲಿ ವಿಶ್ವಾಸದಿಂದ ನೇರಗೊಳಿಸಲಾಗದು. ಮೇಜಿನ ಮೇಲಿಡುವ ಹಗುರ ಯಂತ್ರಗಳ ಒಟ್ಟು ಉದ್ದ ಸಾಮಾನ್ಯವಾಗಿ 760 ಮಿ.ಮೀ., ಅಂದರೆ ಎರಡೂವರೆ ಅಡಿಯ ಆಸುಪಾಸಿನಲ್ಲಿರುತ್ತದೆ. ಕಾಲುಳ್ಳ 6 ಇಂಚಿನ ಯಂತ್ರಗಳಲ್ಲಿ ಅದು 1,100 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು. ಮೊದಲನೆಯದರಲ್ಲಿ ಕುರ್ಚಿ, ಕಾಲುಮಣೆ, ಕಪಾಟಿನ ಬಾಗಿಲು, ಕಿಟಕಿಯ ಚೌಕಟ್ಟು ಆಗಬಹುದು. ಏಳು ಅಡಿಯ ದಾರಂದ ಅಥವಾ ಮಂಚದ ಉದ್ದಪಟ್ಟಿ ಆಗುವುದಿಲ್ಲ.

ಇದರ ಕಾರಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 2,100 ಮಿ.ಮೀ. ಉದ್ದದ ಒಂದು ಹಲಗೆಯ ಅಂಚು ಬಿಲ್ಲಿನಂತೆ ನಡುವೆ 6 ಮಿ.ಮೀ. ಬಾಗಿದೆ ಎಂದಿಟ್ಟುಕೊಳ್ಳೋಣ. ಒಂದು ಸಮಬಾಗಿನ ತುಣುಕಿನಲ್ಲಿ ಕಾಣುವ ಬಾಗು ತುಣುಕಿನ ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ. ಆದ್ದರಿಂದ 380 ಮಿ.ಮೀ. ಉದ್ದದ ಮೇಜಿನ ಮೇಲೆ ಕೂತ ಭಾಗದಲ್ಲಿ ಇರುವ ಬಾಗು ಸುಮಾರು 0.2 ಮಿ.ಮೀ. ಮಾತ್ರ. ಮೇಜಿನ ಮಟ್ಟಿಗೆ ಆ ಹಲಗೆ ಬಹುತೇಕ ನೇರವಾಗಿಯೇ ಇದೆ. ಹೀಗಾಗಿ ಯಂತ್ರವು ಬಾಗನ್ನು ತೆಗೆಯುವ ಬದಲು ಅದನ್ನೇ ಅನುಸರಿಸುತ್ತಾ, ಎಲ್ಲೆಡೆ ಸಮ ದಪ್ಪದ ಸಿಪ್ಪೆಯನ್ನು ಕೀಸಿ, ನುಣುಪಾದ ಆದರೆ ಬಾಗಿದ ಅಂಚನ್ನು ಹಿಂದಿರುಗಿಸುತ್ತದೆ. ಮೇಜು 560 ಮಿ.ಮೀ. ಆದಾಗ ಅದೇ ಬಾಗು 0.4 ಮಿ.ಮೀ. ಮೀರುತ್ತದೆ, ಅಂದರೆ ಒಂದೂವರೆ ಪಟ್ಟು ಉದ್ದಕ್ಕೆ ಎರಡು ಪಟ್ಟು ಸುಳಿವು. ಮೇಜಿನ ಉದ್ದದಲ್ಲಿ ದೊರೆಯುವ ಪ್ರತಿ ಅಂಗುಲವೂ ಹೀಗೆ ದುಪ್ಪಟ್ಟು ಬೆಲೆ ಬಾಳುತ್ತದೆ.

ಮೇಜನ್ನು ಉದ್ದಗೊಳಿಸಲು ಎಳೆದು ಹೊರತರುವ ಕಂಬಿಗಳು ಕೆಲವು ಹಗುರ ಯಂತ್ರಗಳಲ್ಲಿರುತ್ತವೆ. ಅವು ಹಲಗೆಯ ಭಾರವನ್ನು ಹೊರಲು ನೆರವಾಗುತ್ತವೆಯೇ ಹೊರತು ಮೇಜಿನ ಸ್ಥಾನ ತುಂಬುವುದಿಲ್ಲ. ತಿರುಪುಗಳ ಮೇಲೆ ನಿಂತ ತೆಳು ಕಂಬಿಯು ಭಾರಕ್ಕೆ ತಗ್ಗಿದರೆ ನಿಖರತೆ ಇನ್ನಷ್ಟು ಕೆಡುತ್ತದೆ. ಉದ್ದದ ಹಲಗೆ ಅಪರೂಪಕ್ಕೆ ಬರುವುದಾದರೆ, ಮೊದಲು ದಾರ ಹಿಡಿದು ಗುರುತು ಹಾಕಿ ಗರಗಸದಿಂದ ಬಾಗಿನ ಬಹುಭಾಗವನ್ನು ಕೊಯ್ದು ತೆಗೆದು, ಉಳಿದುದನ್ನಷ್ಟೇ ಜಾಯಿಂಟರ್‌ಗೆ ಕೊಡುವುದು ಕ್ಷೇಮ.

ಅಗಲ

ಕಟ್ಟರ್ ಬ್ಲಾಕಿನ ಉದ್ದವೇ ಯಂತ್ರದ ಅಗಲ. ಚಿಕ್ಕ ಯಂತ್ರಗಳಲ್ಲಿ 6 ಇಂಚು (152 ಮಿ.ಮೀ.) ಮತ್ತು 8 ಇಂಚು (203 ಮಿ.ಮೀ.) ಸಾಮಾನ್ಯ. ಭಾರತದಲ್ಲಿ ತಯಾರಾಗುವ ಎರಕದ ಕಬ್ಬಿಣದ ಯಂತ್ರಗಳು 9 ಮತ್ತು 12 ಇಂಚಿನಲ್ಲಿಯೂ ದೊರೆಯುತ್ತವೆ. ಬಾಗಿಲು, ಕಿಟಕಿಗಳ ಚೌಕಟ್ಟಿನ ಪಟ್ಟಿಗಳು ನಾಲ್ಕೈದು ಇಂಚು ಮೀರುವುದು ಕಡಿಮೆಯಾದ್ದರಿಂದ ಅವಕ್ಕೆ 6 ಇಂಚು ಸಾಕು. ಹಲಸಿನ ಅಥವಾ ಹೆಬ್ಬಲಸಿನ ಅಗಲ ಹಲಗೆಯಿಂದ ಮಣೆ, ತೂಗುಮಂಚ, ಊಟದ ಮೇಜು ಮಾಡುವವರಿಗೆ ಅದು ಸಾಲದು. ಅಗಲ ಹಲಗೆಯನ್ನು ನಡುವೆ ಸೀಳಿ, ಎರಡನ್ನೂ ಕೀಸಿ, ಮತ್ತೆ ಅಂಟಿಸುವುದು ಒಂದು ಉಪಾಯ. ಹೀಗೆ ಮಾಡಿದ ಹಲಗೆಯು ಮುಂದೆ ದೋಣಿಯಂತೆ ಬಾಗುವುದೂ ಕಡಿಮೆ. ಆದರೆ ಇಡೀ ಮರದ ಸೊಬಗನ್ನು ಬಯಸುವ ಗಿರಾಕಿಗೆ ಅದು ಒಪ್ಪಿಗೆಯಾಗದಿರಬಹುದು.

ಅಗಲ ಮತ್ತು ಉದ್ದಗಳ ನಡುವೆ ಆಯ್ದುಕೊಳ್ಳಬೇಕಾದ ಸಂದರ್ಭದಲ್ಲಿ ಉದ್ದವನ್ನೇ ಆರಿಸುವುದು ಹೆಚ್ಚಿನ ಕೆಲಸಗಳಿಗೆ ಅನುಕೂಲ. ಅಗಲದ ಕೊರತೆಗೆ ಸೀಳಿ ಜೋಡಿಸುವ ಪರಿಹಾರವಿದೆ. ಉದ್ದದ ಕೊರತೆಗೆ ಅಂತಹ ಸುಲಭ ಪರಿಹಾರವಿಲ್ಲ.

ಅಲಗುಗಳು

ಚಿಕ್ಕ ಯಂತ್ರಗಳಲ್ಲಿ ಎರಡು ಬಗೆಯ ಕಟ್ಟರ್ ಬ್ಲಾಕುಗಳಿವೆ. ಮೊದಲ ಬಗೆಯಲ್ಲಿ ಹೈಸ್ಪೀಡ್ ಉಕ್ಕಿನ ಉದ್ದನೆಯ ನೇರ ಅಲಗುಗಳಿರುತ್ತವೆ. ಅವುಗಳನ್ನು ಸಾಣೆ ಹಿಡಿದು ಮತ್ತೆ ಮತ್ತೆ ಬಳಸಬಹುದು, ಆದರೆ ಕೂರಿಸುವಾಗ ಎಲ್ಲ ಅಲಗುಗಳೂ ಒಂದೇ ಎತ್ತರದಲ್ಲಿರುವಂತೆ ಹೊಂದಿಸಲು ತಾಳ್ಮೆ ಬೇಕು. ಒಂದು ಅಲಗು ಉಳಿದವುಗಳಿಗಿಂತ ಎತ್ತರವಾಗಿದ್ದರೆ ಕೆತ್ತುವುದು ಅದೊಂದೇ. ಎರಡನೆಯ ಬಗೆಯಾದ ಸ್ಪೈರಲ್ ಬ್ಲಾಕಿನಲ್ಲಿ ಕಾರ್ಬೈಡಿನ ಚಿಕ್ಕ ಚೌಕ ಬಿಲ್ಲೆಗಳನ್ನು ತಿರುಪಿನಿಂದ ಬಿಗಿದಿರುತ್ತಾರೆ. ಒಂದು ಅಂಚು ಮೊಂಡಾದಾಗ ಬಿಲ್ಲೆಯನ್ನು ಕಾಲುಸುತ್ತು ತಿರುಗಿಸಿದರೆ ಹೊಸ ಅಂಚು ಸಿಗುತ್ತದೆ. ಹೀಗೆ ನಾಲ್ಕು ಅಂಚುಗಳು. ಸದ್ದು ಕಡಿಮೆ, ಬೆಲೆ ಹೆಚ್ಚು.

ಮರದ ಜಾತಿಗೂ ಈ ಆಯ್ಕೆಗೂ ಸಂಬಂಧವಿದೆ. ತೇಗದಲ್ಲಿ ಸಿಲಿಕಾ ಅಂಶವಿರುವುದರಿಂದ ಉಕ್ಕಿನ ಅಲಗು ಬೇಗ ಮೊಂಡಾಗುತ್ತದೆ. ಮತ್ತಿ ಮತ್ತು ಬೋಗಿಯಂತಹ ಗಟ್ಟಿ ಮರಗಳೂ ಅಲಗನ್ನು ದಣಿಸುತ್ತವೆ. ಎಳೆಗಳು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿರುವ ಮರದಲ್ಲಿ ಯಾವ ದಿಕ್ಕಿಗೆ ತಳ್ಳಿದರೂ ಎಲ್ಲಾದರೂ ಎಳೆ ಕಿತ್ತುಬರುತ್ತದೆ. ಅಲ್ಲಿ ಚಿಕ್ಕ ಬಿಲ್ಲೆಗಳ ಬ್ಲಾಕು ಉತ್ತಮ ಫಲ ನೀಡುತ್ತದೆ. ಇದಕ್ಕೆ ಪ್ರತಿಯಾಗಿ, ಮೊಳೆಯಿರುವ ಹಳೆಯ ಮನೆಯ ಮರವನ್ನು ಕೀಸುವವರು ನೇರ ಅಲಗಿನಿಂದಲೇ ಕೆಲಸ ಸಾಗಿಸುವುದುಂಟು, ಏಕೆಂದರೆ ಊರಿನಲ್ಲಿಯೇ ಸಾಣೆ ಹಿಡಿಸಬಹುದು. ಹಳೆಯ ಪಕ್ಕಾಸು, ದಾರಂದಗಳನ್ನು ಯಂತ್ರಕ್ಕೆ ಕೊಡುವ ಮುನ್ನ ಆಯಸ್ಕಾಂತ ಆಡಿಸಿ ಮೊಳೆ ಹುಡುಕುವುದು ಯಾವ ಅಲಗಿದ್ದರೂ ಅಗತ್ಯ.

ಮೇಲ್ಮೈಯ ನುಣುಪು ಬ್ಲಾಕಿನ ವೇಗ, ಅಲಗುಗಳ ಸಂಖ್ಯೆ ಮತ್ತು ತಳ್ಳುವ ವೇಗಗಳನ್ನು ಅವಲಂಬಿಸಿದೆ. ನಿಮಿಷಕ್ಕೆ 6,000 ಸುತ್ತು ತಿರುಗುವ ಮೂರು ಅಲಗಿನ ಬ್ಲಾಕು ನಿಮಿಷಕ್ಕೆ 18,000 ಬಾರಿ ಕೆತ್ತುತ್ತದೆ. ಹಲಗೆಯನ್ನು ನಿಮಿಷಕ್ಕೆ 5 ಮೀಟರಿನಂತೆ ತಳ್ಳಿದರೆ ಪ್ರತಿ ಮಿಲಿಮೀಟರಿಗೆ ಮೂರೂವರೆಗೂ ಹೆಚ್ಚು ಗೀರು ಬೀಳುತ್ತದೆ. ಅದು ಬರಿಗಣ್ಣಿಗೆ ಅಲೆಯಾಗಿ ಕಾಣುವುದಿಲ್ಲ.

ಮೋಟಾರು ಮತ್ತು ವಿದ್ಯುತ್ ಪೂರೈಕೆ

ಹಗುರ ಯಂತ್ರಗಳಲ್ಲಿ ಕಾರ್ಬನ್ ಬ್ರಷ್ ಇರುವ ಯೂನಿವರ್ಸಲ್ ಮೋಟಾರು ಇರುತ್ತದೆ. ಅದು ಹಗುರ, ವೇಗ ಹೆಚ್ಚು, ಸದ್ದೂ ಹೆಚ್ಚು. ಕಾಲುಳ್ಳ ಯಂತ್ರಗಳಲ್ಲಿ ಬೆಲ್ಟಿನ ಮೂಲಕ ಬ್ಲಾಕನ್ನು ತಿರುಗಿಸುವ ಇಂಡಕ್ಷನ್ ಮೋಟಾರು ಇರುತ್ತದೆ. 6 ಇಂಚಿನ ಯಂತ್ರಕ್ಕೆ 1ರಿಂದ 1.5 ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು ಸಾಕು. ಮೊದಲೇ ಹೇಳಿದಂತೆ, ಶಕ್ತಿ ಕಡಿಮೆಯೆನಿಸಿದರೆ ಸಲಕ್ಕೆ 1 ಮಿ.ಮೀ. ಬದಲು ಅರ್ಧ ಮಿ.ಮೀ. ಕೆತ್ತಿದರಾಯಿತು. 1.5 ಅಶ್ವಶಕ್ತಿಯ ಮೋಟಾರು ಆರಂಭವಾಗುವ ಕ್ಷಣದಲ್ಲಿ ಸಾಮಾನ್ಯ ಬಳಕೆಯ ಐದಾರು ಪಟ್ಟು ವಿದ್ಯುತ್ ಎಳೆಯುವುದರಿಂದ ಅದಕ್ಕೆ ಪ್ರತ್ಯೇಕ ಎಂಸಿಬಿ ಇರುವ 16 ಆಂಪಿಯರ್ ಸಾಕೆಟ್ ಮತ್ತು ಸರಿಯಾದ ಅರ್ಥಿಂಗ್ ಬೇಕು. ಉದ್ದನೆಯ ತೆಳು ವಯರಿನ ಮೂಲಕ ಯಂತ್ರ ನಡೆಸಿದರೆ ವೋಲ್ಟೇಜ್ ಕುಸಿದು ಮೋಟಾರು ಬಿಸಿಯಾಗುತ್ತದೆ.

ವಿದೇಶದಿಂದ ತಂದ ಯಂತ್ರಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೊಲ್ಲಿ ದೇಶಗಳಲ್ಲಿ ದುಡಿದು ಮರಳುವವರು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಬಹಳ. ಸಂಯುಕ್ತ ಅರಬ್ ಸಂಸ್ಥಾನ, ಕತಾರ್, ಕುವೈತ್‌ಗಳಲ್ಲಿ ಭಾರತದಂತೆಯೇ 50 ಹರ್ಟ್ಸ್ ವಿದ್ಯುತ್ ಇದ್ದರೆ, ಸೌದಿ ಅರೇಬಿಯಾ ಮತ್ತು ಅಮೆರಿಕಗಳಲ್ಲಿ 60 ಹರ್ಟ್ಸ್ ಇದೆ. 60 ಹರ್ಟ್ಸಿಗೆಂದು ಮಾಡಿದ ಇಂಡಕ್ಷನ್ ಮೋಟಾರು ಇಲ್ಲಿ ಆರರಲ್ಲಿ ಐದು ಭಾಗ ವೇಗದಲ್ಲಷ್ಟೇ ತಿರುಗುತ್ತದೆ ಮತ್ತು ವೋಲ್ಟೇಜನ್ನು ಅದೇ ಪ್ರಮಾಣದಲ್ಲಿ ತಗ್ಗಿಸದಿದ್ದರೆ ಹೆಚ್ಚು ಬಿಸಿಯಾಗುತ್ತದೆ. ಬ್ರಷ್ ಇರುವ ಮೋಟಾರಿಗೆ ಈ ತೊಂದರೆಯಿಲ್ಲ, ಆದರೆ 110 ವೋಲ್ಟಿನದಾದರೆ ಟ್ರಾನ್ಸ್‌ಫಾರ್ಮರ್ ಬೇಕೇಬೇಕು.

ಇದಕ್ಕಿಂತ ಮುಖ್ಯವಾದುದು ಸ್ವಿಚ್. ಕೆಲಸದ ನಡುವೆ ವಿದ್ಯುತ್ ಹೋದಾಗ ಸಾಮಾನ್ಯ ಸ್ವಿಚ್ ಹಾಕಿದ ಸ್ಥಿತಿಯಲ್ಲಿಯೇ ಉಳಿಯುತ್ತದೆ. ಬಳಸುವವರು ಅಲಗಿನ ಬಳಿ ಸಿಕ್ಕಿದ ಚಕ್ಕೆಯನ್ನು ತೆಗೆಯುತ್ತಿರುವಾಗ ವಿದ್ಯುತ್ ಮರಳಿದರೆ ಯಂತ್ರ ತಾನಾಗಿ ತಿರುಗತೊಡಗುತ್ತದೆ. ವಿದ್ಯುತ್ ಹೋದೊಡನೆ ಬಿಡುಗಡೆಯಾಗಿ, ಗುಂಡಿ ಒತ್ತುವ ತನಕ ಮತ್ತೆ ಚಾಲೂ ಆಗದ ನೋ-ವೋಲ್ಟ್ ಸ್ಟಾರ್ಟರ್ ಈ ಅಪಾಯವನ್ನು ತಪ್ಪಿಸುತ್ತದೆ. ಅಡಿಕೆ ತೋಟದ ಪಂಪುಗಳಿಗೆ ಇಂತಹ ಸ್ಟಾರ್ಟರ್ ಅಳವಡಿಸುವುದು ಕರಾವಳಿಯ ಎಲೆಕ್ಟ್ರಿಷಿಯನ್ನರಿಗೆ ಪರಿಚಿತ ಕೆಲಸ. ಯಂತ್ರದೊಡನೆ ಅದು ಬರದಿದ್ದರೆ ಮೋಟಾರಿಗೆ ತಕ್ಕುದನ್ನು ಪ್ರತ್ಯೇಕವಾಗಿ ಹಾಕಿಸಿಕೊಳ್ಳಬಹುದು.

ಕರಾವಳಿಯ ಹವೆ ಮತ್ತು ಮರ

ಮೂಡುಬಿದಿರೆ–ಕಾರ್ಕಳ ದಾರಿಯಲ್ಲಿರುವ ಬೆಳುವಾಯಿ ಮತ್ತು ಅದರ ಸುತ್ತಿನ ಊರುಗಳು ಪಶ್ಚಿಮ ಘಟ್ಟಕ್ಕೂ ಅರಬ್ಬೀ ಸಮುದ್ರಕ್ಕೂ ನಡುವಿನ ಅಧಿಕ ಮಳೆಯ ಪ್ರದೇಶದಲ್ಲಿವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯ ತೇವ ಇಳಿಯುವುದೇ ವಿರಳ. ಮರವು ಗಾಳಿಯ ತೇವಕ್ಕೆ ತಕ್ಕಂತೆ ನೀರನ್ನು ಹೀರುತ್ತದೆ ಅಥವಾ ಬಿಡುತ್ತದೆ. ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಸಾಪೇಕ್ಷ ಆರ್ದ್ರತೆ ಶೇ. 65 ಇದ್ದಾಗ ಮರದ ತೇವಾಂಶ ಶೇ. 12ರ ಬಳಿ ನೆಲೆಗೊಳ್ಳುತ್ತದೆ. ಆರ್ದ್ರತೆ ಶೇ. 90 ಆದಾಗ ಅದು ಶೇ. 20ರ ಬಳಿ ತಲಪುತ್ತದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 287 ಮಾನಕವು ಇದೇ ಕಾರಣಕ್ಕೆ ದೇಶವನ್ನು ಆರ್ದ್ರತೆಗೆ ಅನುಗುಣವಾಗಿ ನಾಲ್ಕು ವಲಯಗಳಾಗಿ ವಿಂಗಡಿಸಿ, ಮರದಲ್ಲಿರಬಹುದಾದ ತೇವಾಂಶವನ್ನು ವಲಯವಾರು ಸೂಚಿಸುತ್ತದೆ. ಮರದ ಗುಣಲಕ್ಷಣಗಳ ಅಧ್ಯಯನಕ್ಕೆಂದೇ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ.

ಜಾಯಿಂಟರ್ ಬಳಸುವವರಿಗೆ ಇದರ ಅರ್ಥವೇನೆಂದರೆ, ಮಳೆಗಾಲದಲ್ಲಿ ಮಿಲ್ಲಿನಿಂದ ತಂದ ಹಲಸು ಅಥವಾ ಅಕೇಶಿಯಾ ಹಲಗೆಯನ್ನು ಆ ದಿನವೇ ನೇರವಾಗಿ ಕೀಸಿದರೂ ಅದು ಮಾರ್ಚ್ ತಿಂಗಳವರೆಗೆ ನೇರವಾಗಿ ಉಳಿಯುವ ಭರವಸೆಯಿಲ್ಲ. ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಹಸಿ ಮರ ತನ್ನ ದಾರಿ ಹಿಡಿಯುತ್ತದೆ. ಹಲಗೆಗಳ ನಡುವೆ ರೀಪು ಇಟ್ಟು, ಗಾಳಿಯಾಡುವಂತೆ ಅಟ್ಟಿ ಹಾಕಿ, ಸಾಕಷ್ಟು ಒಣಗಿದ ಮೇಲೆ ಎರಡು ಹಂತಗಳಲ್ಲಿ ಕೀಸುವುದು ರೂಢಿ. ಮೊದಲ ಹಂತದಲ್ಲಿ ಎರಡು ಮೂರು ಮಿ.ಮೀ. ಹೆಚ್ಚುವರಿ ಬಿಟ್ಟು ಕೀಸಿ, ಕೆಲವು ದಿನ ಬಿಟ್ಟು, ಬಳಿಕ ಕೊನೆಯ ಅಳತೆಗೆ ತರಲಾಗುತ್ತದೆ.

ಇದೇ ಹವೆ ಯಂತ್ರವನ್ನೂ ಬಾಧಿಸುತ್ತದೆ. ಎರಕದ ಕಬ್ಬಿಣದ ಮೇಜು ಭಾರವಾಗಿ, ನಡುಗದೆ ನಿಲ್ಲುತ್ತದೆ ಮತ್ತು ಒಮ್ಮೆ ಸರಿಯಾಗಿ ಯಂತ್ರಿಸಿದ ಮೇಲೆ ಆಕಾರ ಕೆಡುವುದು ಕಡಿಮೆ. ಆದರೆ ತೆರೆದ ಚಪ್ಪರದಡಿಯಲ್ಲಿ ಒಂದೆರಡು ಮಳೆಯ ದಿನಗಳಲ್ಲಿಯೇ ತುಕ್ಕಿನ ಪೊರೆ ಕಾಣಿಸಿಕೊಳ್ಳುತ್ತದೆ. ಅಲ್ಯೂಮಿನಿಯಂ ಮೇಜಿಗೆ ತುಕ್ಕಿಲ್ಲ, ಆದರೆ ಗಟ್ಟಿ ಮರದ ಮೂಲೆ ತಾಗಿದಲ್ಲಿ ಗೀರು, ತಗ್ಗು ಬೀಳುತ್ತವೆ. ಕಬ್ಬಿಣದ ಮೇಜಿಗೆ ಕೆಲಸ ಮುಗಿದ ಪ್ರತಿದಿನವೂ ಒರೆಸಿ ಮೇಣ ತಿಕ್ಕುವುದು, ಹೆಚ್ಚು ದಿನ ಬಳಸದಿದ್ದಾಗ ತೆಳುವಾಗಿ ಯಂತ್ರದ ಎಣ್ಣೆ ಸವರುವುದು ಸಾಕು. ತೆಂಗಿನೆಣ್ಣೆ ಸವರಿದರೆ ಧೂಳು ಅಂಟುತ್ತದೆ ಮತ್ತು ಮರಕ್ಕೆ ಕಲೆಯಾಗುತ್ತದೆ. ಸಿಲಿಕೋನ್ ಇರುವ ಪಾಲಿಶ್ ಬಳಸಿದರೆ ಮುಂದೆ ಮರಕ್ಕೆ ಹಚ್ಚುವ ವಾರ್ನಿಷ್ ಅಲ್ಲಲ್ಲಿ ಹಿಡಿಯದೆ ಕಣ್ಣುಕಣ್ಣಾಗುತ್ತದೆ.

ಕೊಳ್ಳುವ ಮುನ್ನ ಪರೀಕ್ಷೆ

ಎರಡು ಮೇಜುಗಳ ಸಮಾನಾಂತರತೆಯನ್ನು ಉದ್ದನೆಯ ನೇರಪಟ್ಟಿ ಮತ್ತು ಫೀಲರ್ ಗೇಜಿನಿಂದ ಪರೀಕ್ಷಿಸಲಾಗುತ್ತದೆ. ಮುಂಬದಿಯ ಮೇಜನ್ನು ಹಿಂಬದಿಯ ಮಟ್ಟಕ್ಕೆ ಏರಿಸಿ, ಎರಡರ ಮೇಲೂ ನೇರಪಟ್ಟಿ ಇಟ್ಟಾಗ ಎಲ್ಲಿಯೂ 0.1 ಮಿ.ಮೀ. ಪಟ್ಟಿ ಸರಾಗವಾಗಿ ತೂರಬಾರದು.

ನೇರಪಟ್ಟಿ ಇಲ್ಲದವರಿಗೆ ಇನ್ನೊಂದು ದಾರಿಯಿದೆ. ಎರಡು ಹಲಗೆಗಳ ಅಂಚುಗಳನ್ನು ಯಂತ್ರದಲ್ಲಿ ಕೀಸಿ, ಒಂದರ ಮೇಲೊಂದು ಅಂಚು ಕೂರಿಸಿ, ಬೆಳಕಿಗೆ ಹಿಡಿದು ನೋಡಬೇಕು. ಎಲ್ಲಿಯೂ ಬೆಳಕು ತೂರದಿದ್ದರೆ ಯಂತ್ರ ಸರಿಯಾಗಿದೆ. ನಡುವೆ ಬೆಳಕು ಕಂಡರೆ ಮೇಜುಗಳ ಹೊರತುದಿಗಳು ಜೋತುಬಿದ್ದಿವೆ. ತುದಿಗಳಲ್ಲಿ ಕಂಡರೆ ಹೊರತುದಿಗಳು ಮೇಲೆದ್ದಿವೆ. ಎರಡು ಅಂಚುಗಳು ಸೇರಿದಾಗ ದೋಷ ಇಮ್ಮಡಿಯಾಗಿ ಕಾಣುವುದರಿಂದ ಚಿಕ್ಕ ತಪ್ಪೂ ತಪ್ಪಿಸಿಕೊಳ್ಳುವುದಿಲ್ಲ. ದೊಡ್ಡ ಯಂತ್ರಗಳಲ್ಲಿ ಮೇಜಿನ ಜಾರುಹಾದಿಯಲ್ಲಿರುವ ತಿರುಪುಗಳಿಂದ ಅಥವಾ ತೆಳು ತಗಡು ತುರುಕಿ ಇದನ್ನು ಸರಿಪಡಿಸಬಹುದು. ಹಿಂಬದಿಯ ಮೇಜು ಸ್ಥಿರವಾಗಿ ಎರಕಗೊಂಡಿರುವ ಹಗುರ ಯಂತ್ರಗಳಲ್ಲಿ ಈ ಅವಕಾಶ ಕಡಿಮೆಯಿರುವುದರಿಂದ, ದೋಷವಿದ್ದರೆ ಹಿಂದಿರುಗಿಸುವುದೇ ಮಾರ್ಗ. ಬದಲಾಯಿಸಿಕೊಡುವ ಅವಧಿ ಮುಗಿಯುವ ಮುನ್ನವೇ ಪರೀಕ್ಷೆ ಮುಗಿದಿರಬೇಕು.

ಫೆನ್ಸಿನ ಲಂಬಕೋನವನ್ನು ಮೂಲೆಮಟ್ಟದಿಂದ ನೋಡಿಕೊಳ್ಳಲಾಗುತ್ತದೆ. ಅದು ಕಾಲು ಡಿಗ್ರಿ ತಪ್ಪಿದ್ದರೂ ಐದಾರು ಹಲಗೆ ಜೋಡಿಸಿದ ಮೇಜಿನ ಮೇಲ್ಮೈ ಕಮಾನಿನಂತಾಗುತ್ತದೆ. ಪಕ್ಕಪಕ್ಕದಲ್ಲಿ ಕೂರುವ ಎರಡು ಹಲಗೆಗಳಲ್ಲಿ ಒಂದರ ಮೇಲ್ಮುಖವನ್ನು ಫೆನ್ಸಿಗೆ ತಾಗಿಸಿ, ಮತ್ತೊಂದರ ಕೆಳಮುಖವನ್ನು ತಾಗಿಸಿ ಅಂಚು ಕೀಸಿದರೆ ಒಂದರ ತಪ್ಪು ಇನ್ನೊಂದರ ತಪ್ಪನ್ನು ಹೊಡೆದುಹಾಕುತ್ತದೆ.

ಸುರಕ್ಷತೆ

ಜಾಯಿಂಟರ್ ಉಂಟುಮಾಡುವ ಗಾಯವು ಗರಗಸದ ಗಾಯಕ್ಕಿಂತ ಭಿನ್ನ. ಅಲಗು ಬೆರಳನ್ನು ಕತ್ತರಿಸುವ ಬದಲು ಕೀಸಿ ಚೂರು ಮಾಡುವುದರಿಂದ ಮರುಜೋಡಣೆಗೆ ಬೆರಳಿನ ಭಾಗವೇ ಉಳಿಯದಿರಬಹುದು. 1948ರ ಕಾರ್ಖಾನೆ ಕಾಯಿದೆಯ 21ನೆಯ ಕಲಂ ಅಪಾಯಕಾರಿ ಯಂತ್ರಭಾಗಗಳಿಗೆ ರಕ್ಷಣೆ ಹಾಕುವುದನ್ನು ಕಡ್ಡಾಯಗೊಳಿಸಿತು. ಆದರೆ ಮನೆಯ ಕಾರ್ಯಾಗಾರಕ್ಕೆ ಯಾವ ತಪಾಸಣಾಧಿಕಾರಿಯೂ ಬರುವುದಿಲ್ಲ. ಹಲಗೆಯ ಅಗಲಕ್ಕಷ್ಟೇ ತೆರೆದು, ದಾಟಿದೊಡನೆ ತಾನಾಗಿ ಮುಚ್ಚಿಕೊಳ್ಳುವ ಗಾರ್ಡ್ ಅಥವಾ ಅಲಗಿನ ಮೇಲೆ ಸೇತುವೆಯಂತೆ ನಿಲ್ಲುವ ಗಾರ್ಡ್ ಇಲ್ಲದ ಯಂತ್ರವನ್ನು ಕೊಳ್ಳಬಾರದು. ಕೆಲಸಕ್ಕೆ ಅಡ್ಡಿಯೆಂದು ಅದನ್ನು ಬಿಚ್ಚಿಡುವ ರೂಢಿ ಅನೇಕ ಕಡೆ ಕಂಡುಬರುತ್ತದೆ. ಅಪಘಾತಗಳಿಗೆ ಇದೊಂದು ಮುಖ್ಯ ಕಾರಣ.

ಮುಖ ಕೀಸುವಾಗ ಅಲಗಿನ ಮೇಲೆ ಬರಿಗೈ ಹಾಯಬಾರದು. ರಬ್ಬರಿನ ತಳವಿರುವ ಅಥವಾ ಹಿಂದೆ ಮೆಟ್ಟಿಲಿರುವ ಮರದ ಹಿಡಿಗಳಿಂದ ತಳ್ಳಬೇಕು. 300 ಮಿ.ಮೀ.ಗಿಂತ ಗಿಡ್ಡ ತುಂಡನ್ನು ಯಂತ್ರಕ್ಕೆ ಕೊಡಬಾರದು. ಎರಡು ಗಿಡ್ಡ ತುಂಡು ಬೇಕಾದಲ್ಲಿ ಉದ್ದದ ಹಲಗೆಯನ್ನು ಕೀಸಿ ಬಳಿಕ ಕೊಯ್ಯಬೇಕು. ಕೈಗವಸು ತೊಡುವುದು ರಕ್ಷಣೆಯೆಂದು ತೋರಿದರೂ ಇಲ್ಲಿ ಅಪಾಯ, ಏಕೆಂದರೆ ಬಟ್ಟೆಯ ಎಳೆ ಸಿಕ್ಕಿದರೆ ಕೈಯನ್ನೇ ಎಳೆದೊಯ್ಯುತ್ತದೆ. ಹೆಗಲ ಮೇಲಿನ ಬೈರಾಸಿಗೂ ಇದೇ ಮಾತು ಅನ್ವಯಿಸುತ್ತದೆ.

ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿತು. ಜಾಯಿಂಟರ್ ಹೊರಹಾಕುವುದು ಹೆಚ್ಚಾಗಿ ದಪ್ಪ ಸಿಪ್ಪೆಯಾದರೂ ಸಣ್ಣ ಧೂಳೂ ಅದರಲ್ಲಿ ಬೆರೆತಿರುತ್ತದೆ. 100 ಮಿ.ಮೀ. ವ್ಯಾಸದ ಹೊರದಾರಿಗೆ ಧೂಳು ಹೀರುವ ಯಂತ್ರ ಜೋಡಿಸುವುದು ಉತ್ತಮ. ಅದು ಇಲ್ಲದಿದ್ದಲ್ಲಿ ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಬೇಕು.

ಪರ್ಯಾಯಗಳು

ವರ್ಷಕ್ಕೆ ನಾಲ್ಕಾರು ವಸ್ತುಗಳನ್ನಷ್ಟೇ ಮಾಡುವ ಹವ್ಯಾಸಿಗೆ ಜಾಯಿಂಟರ್ ಅನಿವಾರ್ಯವಲ್ಲ. ಹಲಗೆಯನ್ನು ನೇರವಾದ ಪ್ಲೈವುಡ್ ಹಾಸಿನ ಮೇಲಿಟ್ಟು, ಅಲುಗಾಡುವೆಡೆ ಚಕ್ಕೆ ಕೊಟ್ಟು ಬಿಗಿದು, ಹಾಸಿನ ಸಮೇತ ಥಿಕ್ನೆಸ್ ಪ್ಲೇನರ್‌ಗೆ ಕೊಟ್ಟರೆ ಮೇಲ್ಮುಖ ಸಮತಟ್ಟಾಗುತ್ತದೆ. 12 ಇಂಚಿನ ಹಲಗೆಯನ್ನೂ ಹೀಗೆ ಕೀಸಬಹುದು. ಅಷ್ಟು ಅಗಲದ ಜಾಯಿಂಟರ್ ಚಿಕ್ಕ ಕೋಣೆಯಲ್ಲಿ ಹಿಡಿಸುವುದೇ ಕಷ್ಟ. ಒಂದೇ ಯಂತ್ರ ಕೊಳ್ಳಲು ಹಣವಿರುವವರಿಗೆ ಅನೇಕ ಸಂದರ್ಭಗಳಲ್ಲಿ ಈ ಮಾರ್ಗವೇ ಲಾಭಕರ. ಅಂಚುಗಳಿಗೆ ಸುಮಾರು 560 ಮಿ.ಮೀ. ಉದ್ದದ, ಏಳನೆಯ ಸಂಖ್ಯೆಯೆಂದು ಗುರುತಿಸಲಾಗುವ ಕಬ್ಬಿಣದ ಕೈತೋಪಡಾ ಸಾಕು. ಅದು ವಿದ್ಯುತ್ ಬೇಡುವುದಿಲ್ಲ, ಗೋಡೆಯ ಮೊಳೆಗೆ ನೇತುಹಾಕಬಹುದು.

82 ಮಿ.ಮೀ. ವಿದ್ಯುತ್ ತೋಪಡಾವನ್ನು ಮಗುಚಿ ಮೇಜಿಗೆ ಬಿಗಿದು ಜಾಯಿಂಟರ್‌ನಂತೆ ಬಳಸುವ ಪದ್ಧತಿ ಮರಗೆಲಸದವರಲ್ಲಿದೆ. ತಯಾರಕರು ಒದಗಿಸುವ ಗಾರ್ಡ್ ಸಹಿತದ ಸ್ಟ್ಯಾಂಡ್ ಇಲ್ಲದೆ, ಗುಂಡಿಯನ್ನು ದಾರದಿಂದ ಕಟ್ಟಿ ಹೀಗೆ ಮಾಡುವುದು ಅತ್ಯಂತ ಅಪಾಯಕಾರಿ. ಅದರ ಮೇಜು ಒಟ್ಟು ಒಂದು ಅಡಿಯಷ್ಟೂ ಇಲ್ಲವಾದ್ದರಿಂದ ಉದ್ದದ ಅಂಚು ನೇರವಾಗುವುದೂ ಇಲ್ಲ.

ಕೀಸುವುದು, ಕೊಯ್ಯುವುದು, ತೂತು ಕೊರೆಯುವುದು ಮೂರನ್ನೂ ಮಾಡುವ ಸಂಯುಕ್ತ ಯಂತ್ರಗಳು ಜಾಗ ಮತ್ತು ಹಣ ಉಳಿಸುತ್ತವೆ. ಇಂತಹ ಹಲವು ಯಂತ್ರಗಳಲ್ಲಿ ಗರಗಸದ ಚಕ್ರವೂ ಕಟ್ಟರ್ ಬ್ಲಾಕಿನ ಅಚ್ಚಿಗೇ ಜೋಡಣೆಯಾಗಿದ್ದು, ಕೀಸುವಾಗಲೂ ಪಕ್ಕದಲ್ಲಿ ತಿರುಗುತ್ತಿರುತ್ತದೆ. ಬಳಸದ ಭಾಗವನ್ನು ಬಿಚ್ಚಿಡಲು ಅಥವಾ ಪೂರ್ತಿ ಮುಚ್ಚಲು ಸಾಧ್ಯವೇ ಎಂಬುದನ್ನು ಅಂಗಡಿಯಲ್ಲಿಯೇ ನೋಡಿಕೊಳ್ಳಬೇಕು.

ಬಳಸಿದ ಎರಕದ ಯಂತ್ರಗಳು ಹೊಸ ಹಗುರ ಯಂತ್ರಗಳಿಗಿಂತ ಹೆಚ್ಚು ಬಾಳಿಕೆ ಬರುವುದುಂಟು. ಮೇಲ್ಮೈಯ ತುಕ್ಕನ್ನು ಉಜ್ಜಿ ತೆಗೆಯಬಹುದು, ಬೇರಿಂಗ್ ಮತ್ತು ಬೆಲ್ಟುಗಳನ್ನು ಬದಲಿಸಬಹುದು, ಮೋಟಾರನ್ನು ಮರುಸುತ್ತಿಸಬಹುದು. ಮೇಜು ಬಿರುಕು ಬಿಟ್ಟಿದ್ದರೆ ಅಥವಾ ಬ್ಲಾಕಿನಲ್ಲಿ ಅಲಗು ಬಿಗಿಯುವ ತಿರುಪುಗಳ ಮರೆ ಸವೆದಿದ್ದರೆ ಆ ಯಂತ್ರವನ್ನು ಬಿಟ್ಟುಬಿಡಬೇಕು. ಸಡಿಲವಾದ ಅಲಗು ಪೂರ್ಣ ವೇಗದಲ್ಲಿ ಹಾರಿದರೆ ಅದನ್ನು ತಡೆಯುವ ಗಾರ್ಡ್ ಯಾವುದೂ ಇಲ್ಲ.